ಸೋಗಾನೆಯ ವಿಮಾನವೋ, ಬೆಳಗಿನ ಜನಶತಾಬ್ದಿಯೋ?

ಶಿವಮೊಗ್ಗದಿಂದ ಬೆಂಗಳೂರಿಗೆ ತುಮಕೂರಿನ ಮೇಲೆ ಹೋಗುವ ರಸ್ತೆ ಸುಮಾರು 300 ಕಿ.ಮೀ. ಇದೆ, ರೈಲು ಮಾರ್ಗ 270 ಕಿ.ಮೀ. ದಾಟುತ್ತದೆ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಮಾತ್ರ. 2023ರ ಆಗಸ್ಟ್ 31ರಂದು ಇಲ್ಲಿ ವಿಮಾನ ಸಂಚಾರ ಆರಂಭವಾದ ಮೇಲೆ, ಗೋಪಾಳದ ನಮ್ಮ ಮನೆಯಿಂದ ಮಲ್ಲೇಶ್ವರದ ಅಕ್ಕನ ಮನೆಗೆ ಎರಡೂ ದಾರಿಯಲ್ಲಿ ಹೋಗಿ, ಬಾಗಿಲಿನಿಂದ ಬಾಗಿಲಿಗೆ ಹಿಡಿದ ಹೊತ್ತನ್ನು ಬರೆದಿಟ್ಟುಕೊಂಡೆ. ರಾತ್ರಿ ಬಸ್ಸನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ನಡುನೋವಿರುವ ನನಗೆ ಅದು ಆಗಿಬರುವುದಿಲ್ಲ.

ವಿಮಾನದ ಟಿಕೆಟ್ಟಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಎಂದಿತ್ತು. ಈ ಮಾರ್ಗದ ಎಟಿಆರ್ 72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದ್ದಾದರೂ ಏರುವುದಕ್ಕೆ, ಇಳಿಯುವುದಕ್ಕೆ, ರನ್‌ವೇವರೆಗೆ ಉರುಳುವುದಕ್ಕೆ ಹೊತ್ತು ಹಿಡಿಯುತ್ತದೆ. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುವುದರಿಂದ ನಾನು 9.15ಕ್ಕೇ ಮನೆ ಬಿಟ್ಟೆ. ರೆಕ್ಕೆ ಕಿಟಕಿಗಿಂತ ಮೇಲಿರುವ ವಿಮಾನವಾದ್ದರಿಂದ ನೋಟಕ್ಕೆ ಅಡ್ಡಿಯಿರಲಿಲ್ಲ; ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಬಲಗಡೆ ಭದ್ರಾ ಹಿನ್ನೀರು, ಅದರಾಚೆ ಬಾಬಾಬುಡನ್‌ಗಿರಿಯ ಸಾಲು ಕಂಡು, ಹುಟ್ಟಿದಾಗಿನಿಂದ ನೋಡಿದ ಊರನ್ನು ಮೊದಲ ಸಲ ಇಡಿಯಾಗಿ ನೋಡಿದ ಸಂತೋಷವಾಯಿತು. ದೇವನಹಳ್ಳಿಯಲ್ಲಿ ಬ್ಯಾಗು ಕೈಗೆ ಬಂದಾಗ ಒಂದು ಗಂಟೆ. ಅಲ್ಲಿಂದ ವಾಯುವಜ್ರ ಬಸ್ಸು ಹಿಡಿದು, ಹೆಬ್ಬಾಳದ ವಾಹನಗಳ ನಡುವೆ ತೆವಳಿ, ಮೇಖ್ರಿ ವೃತ್ತದಲ್ಲಿ ಇಳಿದು ಆಟೋದಲ್ಲಿ ಅಕ್ಕನ ಮನೆ ಮುಟ್ಟುವಾಗ ಎರಡೂವರೆಯಾಗಿತ್ತು. ಒಟ್ಟು ಐದು ಗಂಟೆ ಕಾಲು.

ಜನಶತಾಬ್ದಿ ಶಿವಮೊಗ್ಗ ಟೌನ್‌ನಿಂದ ಬೆಳಗಿನ ಜಾವ 5.15ಕ್ಕೆ ಹೊರಡುತ್ತದೆ. ನಾಲ್ಕು ಮುಕ್ಕಾಲಿಗೆ ಮನೆ ಬಿಟ್ಟರೆ ಸಾಕಾಯಿತು. ಬೀರೂರಿನ ಹೊತ್ತಿಗೆ ಬೆಳಕು ಹರಿದು, ತಿಪಟೂರಿನ ತೆಂಗಿನ ತೋಟಗಳು ಹಿಂದೆ ಸರಿದು, ಯಶವಂತಪುರದಲ್ಲಿ ಇಳಿದು ಹತ್ತು ಗಂಟೆಗೆ ನಾನು ಅಕ್ಕನ ಮನೆಯಲ್ಲಿದ್ದೆ. ಹಿಡಿದ ಹೊತ್ತು ಇಲ್ಲಿಯೂ ಐದು ಗಂಟೆ ಕಾಲು. ಆದರೆ ಕೆಲಸಕ್ಕೆ ಇಡೀ ದಿನ ಉಳಿದಿತ್ತು, ಟಿಕೆಟ್ಟಿನ ದರವೂ ವಿಮಾನದ ದರದ ಒಂದು ಸಣ್ಣ ಪಾಲಷ್ಟೆ.

ಮಳೆಗಾಲದ ಮಾತು ಬೇರೆಯೇ ಇದೆ. ಆಷಾಢದಲ್ಲಿ ಒಮ್ಮೆ ಬೆಂಗಳೂರಿನಿಂದ ಮರಳುವಾಗ, ಮೋಡ ತೀರ ಕೆಳಗಿಳಿದು ರನ್‌ವೇ ಕಾಣದೆ, ನಮ್ಮ ವಿಮಾನ ಊರ ಮೇಲೆ ಎರಡು ಸುತ್ತು ಹಾಕಿ ದೇವನಹಳ್ಳಿಗೇ ವಾಪಸಾಯಿತು. ಇಳಿಸದಿದ್ದುದು ಸರಿಯೇ, ಆದರೆ ಆ ರಾತ್ರಿ ನಾನು ಮನೆ ಸೇರಿದ್ದು ರೈಲಿನಲ್ಲಿ.

ಹಾಗೆಂದು ವಿಮಾನ ಬೇಡವೆನ್ನಲಾರೆ. ದೆಹಲಿಗೆ ಹೋಗುವಾಗ ಒಂದೇ ಟಿಕೆಟ್ಟಿನಲ್ಲಿ ಸೋಗಾನೆಯಲ್ಲೇ ಬ್ಯಾಗು ಒಪ್ಪಿಸಿ, ದೇವನಹಳ್ಳಿಯಲ್ಲಿ ಬರಿಗೈಯಲ್ಲಿ ಮುಂದಿನ ವಿಮಾನ ಹತ್ತಿದ ಅನುಕೂಲಕ್ಕೆ ರೈಲು ಸಾಟಿಯಾಗದು. ಯಲಹಂಕದ ಕಡೆ ಮನೆಯಿರುವವರಿಗೂ ಅದೇ ಹತ್ತಿರದ ದಾರಿ. ಮಲ್ಲೇಶ್ವರಕ್ಕಾದರೆ ನಾನು ಜನಶತಾಬ್ದಿಯ ಟಿಕೆಟ್ಟನ್ನೇ ತೆಗೆಸುತ್ತೇನೆ.