ಕಡಲಿಗೆ ಬಿದ್ದ ಕ್ಯಾಮೆರಾ ಮತ್ತು ತುಮಕೂರಿನ ಒಂದು ದುರಸ್ತಿ ಅಂಗಡಿ

ಕಳೆದ ಡಿಸೆಂಬರ್‌ನಲ್ಲಿ ಮಲ್ಪೆಯ ಕಡಲತೀರದಲ್ಲಿ ಅಲೆಯೊಂದು ಟ್ರೈಪಾಡನ್ನು ಉರುಳಿಸಿದ್ದರಿಂದ ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾ ಲೆನ್ಸ್ ಸಮೇತ ಉಪ್ಪುನೀರಿನಲ್ಲಿ ಮುಳುಗಿತು. ತುಮಕೂರಿನ ಅಶೋಕ ರಸ್ತೆಯ ಬಳಿ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. “ಆನ್ ಮಾಡಿ ನೋಡ್ಬೇಡಿ ಸಾರ್, ಮೊದಲು ಬ್ಯಾಟರಿ ತೆಗೀರಿ” ಎಂದರು. ಅವರ ಎರಡನೆಯ ಮಾತು ನನಗೆ ಅನಿರೀಕ್ಷಿತವಾಗಿತ್ತು: ಕ್ಯಾಮೆರಾವನ್ನು ಒಣಗಿಸಬಾರದು, ಲೆನ್ಸನ್ನೂ ಕಾರ್ಡನ್ನೂ ತೆಗೆದು ಸಿಹಿನೀರಿನಲ್ಲಿ ಅದ್ದಿ, ಎರಡು ಮೂರು ಬಾರಿ ನೀರು ಬದಲಿಸಿ, ಒದ್ದೆಯಾಗಿರುವಾಗಲೇ ಮುಚ್ಚಿದ ಡಬ್ಬಿಯಲ್ಲಿ ತರಬೇಕು.

ಇದರ ಕಾರಣವನ್ನು ಮರುದಿನ ಅಂಗಡಿಯಲ್ಲಿ ಅವರು ಬಿಡಿಸಿ ಹೇಳಿದರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಸರ್ಕ್ಯೂಟ್ ಬೋರ್ಡಿನ ಮೇಲೆ ಉಳಿದು, ಗಾಳಿಯ ತೇವವನ್ನು ಹೀರಿಕೊಂಡು ತಾಮ್ರದ ಗೆರೆಗಳನ್ನು ತಿನ್ನುತ್ತಲೇ ಇರುತ್ತದೆ. ಬ್ಯಾಟರಿ ಒಳಗೇ ಇದ್ದರೆ ಉಪ್ಪುನೀರಿನ ಮೂಲಕ ವಿದ್ಯುತ್ ಹರಿದು ಈ ಸವೆತ ಕೆಲವೇ ನಿಮಿಷಗಳಲ್ಲಿ ಆಗಿಬಿಡುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಪದ್ಧತಿಯನ್ನು ನಾನೂ ನಂಬಿದ್ದೆ. ಅಕ್ಕಿಗೆ ಉಪ್ಪನ್ನು ತೆಗೆಯುವ ಶಕ್ತಿಯಿಲ್ಲ.

ಅವರ ಕೆಲಸದ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಕವಚ ಬಿಚ್ಚಿದ ಕೂಡಲೇ ಫ್ಲ್ಯಾಶ್‌ಗಾಗಿ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರನ್ನು ಖಾಲಿ ಮಾಡಿದರು. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದಾದ್ದರಿಂದ ಮನೆಯಲ್ಲಿ ಕ್ಯಾಮೆರಾ ಬಿಚ್ಚುವುದು ಅಪಾಯವೆಂದು ಎಚ್ಚರಿಸಿದರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸಾಗಿದ್ದು ಆರಿದ ಮೇಲೆ ಬಿಳಿ ಕಲೆ ಬಿಡುವುದರಿಂದ, ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬೋರ್ಡನ್ನು ತೊಳೆದರು. ನಂತರ ಬೇಗ ಆರಿಹೋಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ರಿಬ್ಬನ್ ಕೇಬಲ್‌ಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ, ಹಸಿರುಗಟ್ಟಲು ತೊಡಗಿದ್ದ ಜಾಗಗಳನ್ನು ಮೆದು ಬ್ರಷ್ಷಿನಿಂದ ಶುಚಿಗೊಳಿಸಿದರು.

ಲೆನ್ಸ್ ಉಳಿಯಲಿಲ್ಲ. ಅದರ ಫೋಕಸ್ ಮೋಟಾರು ಕೆಟ್ಟಿದೆ, ಸರಿಪಡಿಸುವ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಲೆನ್ಸೇ ಸಿಗುತ್ತದೆ ಎಂದು ಹೇಳಿ, ಅದಕ್ಕೆ ಕೈಹಾಕದೆ ಹಿಂದಿರುಗಿಸಿದರು. ನೆನೆದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದೆಂದು ಅದನ್ನು ಇ-ತ್ಯಾಜ್ಯಕ್ಕೆ ಎತ್ತಿಟ್ಟರು. ಮೆಮೊರಿ ಕಾರ್ಡನ್ನು ತೊಳೆದು, ಆರಿಸಿ, ಅದರ ಲೋಹದ ಪಟ್ಟಿಗಳನ್ನು ಒರೆಸಿ ಓದಿಸಿದಾಗ ಎಲ್ಲ ಚಿತ್ರಗಳೂ ಸಿಕ್ಕವು. ಅರವತ್ತೆಂಟರ ವಯಸ್ಸಿನಲ್ಲಿ ಅಮ್ಮ ಮೊದಲ ಬಾರಿ ಕಡಲನ್ನು ಕಂಡ ದಿನದ ಚಿತ್ರಗಳವು. ಕ್ಯಾಮೆರಾಕ್ಕಿಂತ ನನಗೆ ಅವೇ ಮುಖ್ಯವಾಗಿದ್ದವು.

ಕೊರತೆಗಳೂ ಇವೆ. ಹತ್ತು ದಿನವೆಂದು ಹೇಳಿ ಹತ್ತೊಂಬತ್ತು ದಿನ ತೆಗೆದುಕೊಂಡರು, ಈ ನಡುವೆ ಒಮ್ಮೆಯೂ ತಾವಾಗಿ ಫೋನ್ ಮಾಡಲಿಲ್ಲ. ರೂ. 3,200 ಪಡೆದರೂ ಯಾವ ಕೆಲಸಕ್ಕೆ ಎಷ್ಟೆಂಬ ವಿವರ ಬರೆದ ಬಿಲ್ ಕೊಡಲಿಲ್ಲ. ಇಷ್ಟು ಶ್ರದ್ಧೆಯ ಕೆಲಸಕ್ಕೆ ಚೀಟಿಯೊಂದು ಇರಲೇಬೇಕಿತ್ತು. ಒಳಗಿನ ಫ್ಲ್ಯಾಶ್ ಈಗಲೂ ಬೆಳಗುವುದಿಲ್ಲ, ಅದನ್ನು ಮೊದಲೇ ತಿಳಿಸಿದ್ದರು. ಶಟರ್, ಪರದೆ, ಗುಂಡಿಗಳೆಲ್ಲ ಸರಿಯಾಗಿವೆ. ಉಪ್ಪು ಎಲ್ಲಾದರೂ ಅಡಗಿದ್ದರೆ ಮೆಲ್ಲಗೆ ತಲೆಯೆತ್ತುತ್ತದೆ, ಮೂರು ತಿಂಗಳ ನಂತರ ಬಿಚ್ಚಿ ನೋಡುತ್ತೇನೆ, ಅದಕ್ಕೆ ಹಣ ಬೇಡ ಎಂದಿದ್ದಾರೆ. ಮುಂದಿನ ವಾರ ಕೊಂಡೊಯ್ಯುತ್ತಿದ್ದೇನೆ.