ಆರು ವರ್ಷ, ಮೂರು ಸಲ ಮನೆ ಬದಲು, 24 ಟೊಮೆಟೊ ಕ್ರೇಟ್

ಮನೆ ಖಾಲಿ ಮಾಡಬೇಕು ಅಂದ ತಕ್ಷಣ ಎಲ್ಲರೂ ಮೊದಲು ಗಾಡಿ ಹುಡುಕುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ಮೆಟ್ಟಿಲ ಕೆಳಗೆ ಜೋಡಿಸಿಟ್ಟ ಕ್ರೇಟ್‌ಗಳನ್ನು ಎಣಿಸುತ್ತೇನೆ. ತರಕಾರಿ ಮಂಡಿಯಲ್ಲಿ ಟೊಮೆಟೊ ತುಂಬುತ್ತಾರಲ್ಲ, ಅದೇ ತೂತು ತೂತಿನ ಪ್ಲಾಸ್ಟಿಕ್ ಕ್ರೇಟ್. 2019ರಲ್ಲಿ ತೆಗೆದುಕೊಂಡಿದ್ದು. ಆಮೇಲೆ ಮೂರು ಸಲ ಮನೆ ಬದಲಾಯಿಸಿದ್ದೇವೆ, ಮೂರು ಸಲವೂ ಇವುಗಳಲ್ಲೇ. ಇಷ್ಟು ದಿನ ಬಳಸಿದ ಮೇಲೆ ಬರೆಯಬಹುದು ಅನಿಸಿತು.

ನಮ್ಮ ಮನೆಯವರದು ವರ್ಗಾವಣೆ ಇರುವ ಕೆಲಸ. 2018ರ ಜೂನ್‌ನಲ್ಲಿ ಹಾಸನದ ವಿದ್ಯಾನಗರದಿಂದ ಚಿಕ್ಕಮಗಳೂರಿಗೆ ಬಂದೆವು. ದಾರಿ ಬರೀ ಅರವತ್ತು ಕಿಲೋಮೀಟರ್ ಚಿಲ್ಲರೆ, ಮಧ್ಯದಲ್ಲಿ ಬೇಲೂರು, ಏನು ಮಹಾ ಅಂದುಕೊಂಡಿದ್ದೆವು. ಪ್ಯಾಕರ್ಸ್‌ನವರು ಬಂದು ರಟ್ಟಿನ ಬಾಕ್ಸ್‌ಗಳಲ್ಲಿ ಎಲ್ಲ ತುಂಬಿದರು, ಲೋಡ್ ಆದಮೇಲೆ ಮಾತಾಡಿದ್ದಕ್ಕಿಂತ ಮೂರು ಸಾವಿರ ಜಾಸ್ತಿ ಕೇಳಿದರು. ಸಾಮಾನೆಲ್ಲ ಅವರ ಗಾಡಿಯಲ್ಲಿದೆ, ಜಗಳ ಆಡುವುದು ಹೇಗೆ? ಕೊಟ್ಟೆವು. ಬೇಲೂರು ದಾಟಿದ್ದೇ ಮಳೆ ಹಿಡಿಯಿತು. ಇಳಿಸುವ ಹೊತ್ತಿಗೆ ರಟ್ಟು ನೆನೆದು ಮೆತ್ತಗಾಗಿತ್ತು, ಒಂದು ಬಾಕ್ಸಿನ ತಳ ಗೇಟಿನ ಹತ್ತಿರವೇ ಬಿಚ್ಚಿಕೊಂಡಿತು. ಅದರಲ್ಲಿದ್ದದ್ದು ತವರಿನಲ್ಲಿ ಕೊಟ್ಟಿದ್ದ ಪಿಂಗಾಣಿ ಕಪ್ಪುಗಳು. ಆರರಲ್ಲಿ ಒಂದು ಉಳಿಯಿತು.

ಅದಕ್ಕಿಂತ ಬೇಜಾರಾಗಿದ್ದು ರಾತ್ರಿ. ನಲವತ್ತು ಬಾಕ್ಸ್‌ಗಳ ಮೇಲೂ ‘ಅಡುಗೆಮನೆ’, ‘ರೂಮ್’ ಅಂತ ಮಾತ್ರ ಬರೆದಿದೆ. ಲೈಟರ್ ಎಲ್ಲಿ, ಕಾಫಿ ಫಿಲ್ಟರ್ ಎಲ್ಲಿ, ಮಗಳ ಹೊದಿಕೆ ಎಲ್ಲಿ, ಯಾರಿಗೂ ಗೊತ್ತಿಲ್ಲ. ಅತ್ತೆ ಸಕ್ಕರೆ ಕಾಯಿಲೆಯವರು, ಊಟದ ಹೊತ್ತಿಗೆ ಮಾತ್ರೆ ಬೇಕು, ಅದೂ ಸಿಗಲಿಲ್ಲ. ನಾನು ಚಾಕು ಹಿಡಿದು ಒಂದೊಂದೇ ಬಾಕ್ಸ್ ಸೀಳುತ್ತಾ ಹತ್ತು ಗಂಟೆಯವರೆಗೆ ಹುಡುಕಿದೆ. ಹೆದರಿಕೆ ಆಯಿತು ನಿಜಕ್ಕೂ. ಮನೆ ಬದಲಾಯಿಸುವ ಟೆನ್ಷನ್ ಅಂದರೆ ನನಗೆ ಇದೇ: ಬೇಕಾದ್ದು ಬೇಕಾದಾಗ ಕೈಗೆ ಸಿಗದೇ ಇರುವುದು.

ಮರುವರ್ಷವೇ ಓನರ್ ಮಗನ ಮದುವೆ ಅಂತ ಮನೆ ಬಿಡಬೇಕಾಯಿತು. ಆಗ ತರಕಾರಿ ವ್ಯಾಪಾರ ಮಾಡುವ ಪರಿಚಯದ ಒಬ್ಬರು ಹಳೇ ಕ್ರೇಟ್ ಕೊಡುತ್ತೇನೆ ಅಂದರು. ಒಂದಕ್ಕೆ 120 ರೂಪಾಯಿಯಂತೆ 24 ತೆಗೆದುಕೊಂಡೆವು, 2,880 ರೂಪಾಯಿ. ತಂದಾಗ ಕೊಳೆತ ಟೊಮೆಟೊ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಲ್ಲಿ ಮೂಲೆ ಮೂಲೆ ಉಜ್ಜಿ, ಎರಡು ದಿನ ಒಣಗಿಸಿದ ಮೇಲೆ ಹೋಯಿತು. ಒಂದೊಂದು ಕ್ರೇಟ್ ಸುಮಾರು 54 ಸೆಂಟಿಮೀಟರ್ ಉದ್ದ, 36 ಅಗಲ, 29 ಎತ್ತರ.

ನಾನು ಮಾಡಿದ ಒಂದು ಒಳ್ಳೆ ಕೆಲಸ ಅಂದರೆ ಅಳಿಸದ ಹಾಗೆ ಆಯಿಲ್ ಪೇಂಟಿನಲ್ಲಿ 1ರಿಂದ 24ರವರೆಗೆ ನಂಬರ್ ಬರೆದಿದ್ದು. ನಾಲ್ಕೂ ಕಡೆ. ಆ ನಂಬರ್ ಇವತ್ತಿಗೂ ಬದಲಾಗಿಲ್ಲ, ಒಳಗಿನ ಸಾಮಾನೂ ಬದಲಾಗಿಲ್ಲ. 11 ಅಂದರೆ ಸಾರಿನ ಪುಡಿ, ಬೇಳೆ ಡಬ್ಬಗಳು. 17 ಮಗಳದು. 20ರಲ್ಲಿ ಮನೆ ಪತ್ರ, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಅದು ಗಾಡಿಗೆ ಹೋಗುವುದೇ ಇಲ್ಲ, ನಮ್ಮ ಜೊತೆ ಬರುತ್ತದೆ. ಮೇಲೆ ಬಟ್ಟೆ ಮುಚ್ಚುವ ಮೊದಲು ಪ್ರತಿ ಕ್ರೇಟಿನ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಮೊದಲ ಸಲ ತುಂಬುವುದಕ್ಕೆ ನಾಲ್ಕು ದಿನ ಬೇಕಾಯಿತು. ಮೂರನೇ ಸಲ ಒಂದೂವರೆ ದಿನ, ಯಾಕೆಂದರೆ ಯೋಚನೆ ಮಾಡುವುದೇ ಇರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು.

1ನೇ ನಂಬರ್ ಬಗ್ಗೆ ಬಿಡಿಸಿ ಹೇಳಬೇಕು. ಅದು ಕೊನೆಗೆ ಹತ್ತಿ ಮೊದಲು ಇಳಿಯುವ ಕ್ರೇಟ್. ಹಾಲು ಉಕ್ಕಿಸುವ ಪಾತ್ರೆ, ಲೈಟರ್ ಜೊತೆಗೆ ಒಂದು ಬೆಂಕಿಪೊಟ್ಟಣ, ಕಾಫಿ ಪುಡಿ, ಫಿಲ್ಟರ್, ಸಕ್ಕರೆ, ನಾಲ್ಕು ಲೋಟ, ಒಂದು ಸೇರು ಅಕ್ಕಿ, ತಿಳಿಸಾರಿಗೆ ಬೇಕಾದಷ್ಟು ಬೇಳೆ, ಉಪ್ಪು, ಅತ್ತೆಯ ಮಾತ್ರೆ, ಎರಡು ಬಲ್ಬ್, ಎಕ್ಸ್‌ಟೆನ್ಷನ್ ಬಾಕ್ಸ್, ಟೆಸ್ಟರ್, ಸ್ಕ್ರೂಡ್ರೈವರ್, ಸೋಪು, ಟವೆಲ್, ಮಗಳ ಹೊದಿಕೆ. 2022ರಲ್ಲಿ ಚಿಕ್ಕಮಗಳೂರಿನಿಂದ ಹಾಸನಕ್ಕೆ ವಾಪಸ್ ಹೋದಾಗ ಬೀಗ ತೆಗೆದ ಇಪ್ಪತ್ತೇ ನಿಮಿಷಕ್ಕೆ ಹಾಲು ಉಕ್ಕಿತು, ಅತ್ತೆ ಅಡುಗೆಮನೆ ಕಟ್ಟೆ ಮೇಲೆ ಅರಿಶಿನ ಕುಂಕುಮ ಇಟ್ಟು ಅದೇ ಹಾಲಿನಲ್ಲಿ ಕಾಫಿ ಬೆರೆಸಿ ಲೋಡ್ ಇಳಿಸುವವರಿಗೂ ಕೊಟ್ಟರು. ಆ ಕಾಫಿ ಕುಡಿಯುವಾಗ ನನಗೆ ಕಣ್ಣು ತುಂಬಿ ಬಂತು. ನಾಲ್ಕು ವರ್ಷದ ಹಿಂದಿನ ಆ ರಾತ್ರಿ ನೆನಪಾಗಿತ್ತು.

ಒಂದು ವಿಷಯ, ಹಾಲು ಉಕ್ಕಿಸಿದ್ದು ಇಂಡಕ್ಷನ್ ಒಲೆ ಮೇಲೆ. ಬೇರೆ ಊರಿಗೆ ಹೋಗುವಾಗ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ಚೀಟಿ ಮತ್ತು ಡೆಪಾಸಿಟ್ ದುಡ್ಡು ತೆಗೆದುಕೊಳ್ಳಬೇಕು. ಹೊಸ ಊರಿನಲ್ಲಿ ಅದನ್ನು ತೋರಿಸಿ ಡೆಪಾಸಿಟ್ ಕಟ್ಟಿದರೆ ಕನೆಕ್ಷನ್. ನಡುವೆ ಒಂದೆರಡು ದಿನ ಗ್ಯಾಸ್ ಇರುವುದಿಲ್ಲ. ಕರೆಂಟಿನದೂ ನೋಡಿಕೊಳ್ಳಿ: ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ, ಕಂಪನಿಯೇ ಬೇರೆ. ಗೃಹಜ್ಯೋತಿ ಹಳೇ ಮನೆ ಮೀಟರ್‌ಗೆ ಲಿಂಕ್ ಆಗಿದ್ದರೆ ಸೇವಾ ಸಿಂಧುವಿನಲ್ಲಿ ಮೊದಲು ಡಿ-ಲಿಂಕ್ ಮಾಡಿ, ಆಮೇಲೆ ಹೊಸ ಮೀಟರ್‌ಗೆ ಅರ್ಜಿ ಹಾಕಬೇಕು. 2025ರಲ್ಲಿ ಮತ್ತೆ ಚಿಕ್ಕಮಗಳೂರಿಗೆ ಬಂದಾಗ ಇದನ್ನು ಮನೆ ಬಿಡುವ ವಾರವೇ ಮಾಡಿದ್ದಕ್ಕೆ ತೊಂದರೆ ಆಗಲಿಲ್ಲ.

ಗಾಡಿಯಲ್ಲಿ ಕ್ರೇಟಿನ ಗುಣ ಚೆನ್ನಾಗಿ ಗೊತ್ತಾಗುತ್ತದೆ. ಎಲ್ಲ ಒಂದೇ ಅಳತೆ, ಒಂದರ ಅಂಚು ಇನ್ನೊಂದರೊಳಗೆ ಕೂರುತ್ತದೆ. ಪಿಕಪ್‌ನಲ್ಲಿ ಕ್ಯಾಬಿನ್‌ಗೆ ತಾಗಿಸಿ ಸಾಲಿಗೆ ನಾಲ್ಕು, ಮೇಲೆ ಮೇಲೆ ಮೂರು, ಎರಡು ಸಾಲು, 24 ಇಟ್ಟರೂ ಮೂರೂವರೆ ಅಡಿ ಜಾಗ ಸಾಕು. ಹಗ್ಗ ಹಾಕಿದರೆ ಅಲುಗುವುದಿಲ್ಲ. ಲೋಡ್ ಮಾಡಲು ಬಂದಿದ್ದ ಹುಡುಗ, “ಅಕ್ಕ, ಹಿಡಿಯೋಕೆ ಹಿಡಿ ಇದೆ, ಸುಮ್ನೆ ಸೊಂಟ ಹಿಡ್ಕೊಳಲ್ಲ ನೋಡಿ” ಅಂದ. ನಿಜ, ಆದರೆ ಪುಸ್ತಕ ಪೂರ್ತಿ ತುಂಬಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ. ಅರ್ಧ ಪುಸ್ತಕ, ಮೇಲೆ ಬಟ್ಟೆ, ಅಷ್ಟೇ. ಅಂಚಿಗಿಂತ ಮೇಲೆ ಏನೂ ಇಡಬೇಡಿ, ಮೇಲಿನ ಕ್ರೇಟಿನ ಭಾರ ಅದರ ಮೇಲೇ ಬೀಳುತ್ತದೆ.

ನನಗೆ ತುಂಬಾ ಭಯ ಇದ್ದದ್ದು ಅತ್ತೆಯ ಮಿಡಿ ಉಪ್ಪಿನಕಾಯಿ ಭರಣಿಗೆ. 2018ರಲ್ಲಿ ಅವರು ಅದನ್ನು ಕಾರಿನಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದಿದ್ದರು. ಈಗ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಾವನವರ ಹಳೇ ಪಂಚೆ ಎರಡು ಸುತ್ತು ಸುತ್ತಿ, ಕ್ರೇಟಿನ ನಡುವೆ ನಿಲ್ಲಿಸಿ, ನಾಲ್ಕೂ ಮೂಲೆಗೆ ದಿಂಬು ತುರುಕುತ್ತೇವೆ. ಮೂರು ಸಲವೂ ಒಂದು ತೊಟ್ಟು ರಸ ಚೆಲ್ಲಿಲ್ಲ.

ತೊಂದರೆಗಳೂ ಇವೆ. ತಳದಲ್ಲೂ ತೂತು ಇರುವುದರಿಂದ ಚಮಚ, ಸ್ಕ್ರೂ ಎಲ್ಲ ಬಿದ್ದುಹೋಗುತ್ತವೆ, ಅಕ್ಕಿ ಚೀಲ ಕತ್ತರಿಸಿ ಹಾಸಬೇಕು. ಮಳೆ ಬಂದರೆ ನೀರು ನೇರ ಒಳಗೆ, ಆದ್ದರಿಂದ ಟಾರ್ಪಾಲ್ ಇಲ್ಲದ ಗಾಡಿ ಬೇಡವೇ ಬೇಡ. ಖಾಲಿ ಇದ್ದಾಗಲೂ ಒಂದರೊಳಗೆ ಒಂದು ಹೋಗುವುದಿಲ್ಲ, ಅಷ್ಟೇ ಜಾಗ ತಿನ್ನುತ್ತವೆ. ಚಿಕ್ಕ ಮನೆಯಲ್ಲಿ ಇದು ದೊಡ್ಡ ಕಷ್ಟ. ನಾವು ಕೆಲವಕ್ಕೆ ಈರುಳ್ಳಿ ಆಲೂಗಡ್ಡೆ, ಚಪ್ಪಲಿ, ಆಟದ ಸಾಮಾನು ಹಾಕಿಟ್ಟಿದ್ದೇವೆ. ಮಡಚುವ ತರದ್ದು ಎರಡು ತಂದು ನೋಡಿದೆ, ಎರಡನೇ ಸಲಕ್ಕೇ ಕೀಲು ಮುರಿಯಿತು. 24ರಲ್ಲಿ ಐದು ಬಿರುಕು ಬಿಟ್ಟಿವೆ, ಐದೂ ತಾರಸಿ ಮೇಲೆ ಬಿಸಿಲಿನಲ್ಲಿ ಬಿದ್ದಿದ್ದವೇ. ನೆರಳಿನಲ್ಲಿದ್ದ 19ಕ್ಕೆ ಏನೂ ಆಗಿಲ್ಲ.

ಎಲ್ಲವೂ ಇದರಲ್ಲಿ ಹಿಡಿಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಗ್ರೈಂಡರಿನ ಕಲ್ಲು ಬೇರೆ ತೆಗೆದು ಗೋಣಿಯಲ್ಲಿ ಸುತ್ತಬೇಕು. ಫ್ರಿಜ್ ನಿಲ್ಲಿಸಿಯೇ ಸಾಗಿಸಿ, ಮಲಗಿಸಲೇಬೇಕಾಗಿ ಬಂದರೆ ಇಳಿಸಿ ನಿಲ್ಲಿಸಿದ ಮೇಲೆ ಕೆಲವು ಗಂಟೆ ಸ್ವಿಚ್ ಹಾಕಬೇಡಿ, ಕಂಪ್ರೆಸರಿನ ಎಣ್ಣೆ ಮತ್ತೆ ಕೆಳಗೆ ಇಳಿಯಬೇಕು.

ಹಳೇ ಕ್ರೇಟ್ ಕೊಳ್ಳುವವರು ತಲೆಕೆಳಗು ಮಾಡಿ ತಳದ ಮೂಲೆ, ಹಿಡಿಯ ಸುತ್ತ ನೋಡಿ. ಬೆಳ್ಳಗೆ ಮಾಸಿದ್ದರೆ ಅದು ಬಿಸಿಲು ತಿಂದಿದ್ದು, ಬಿಡಿ. ಬೇರೆ ಬೇರೆ ಅಳತೆಯವು ಬೆರೆಸಿ ಕೊಟ್ಟರೆ ಬೇಡ ಅನ್ನಿ, ಒಂದರ ಮೇಲೊಂದು ಕೂರುವುದಿಲ್ಲ. ನಮ್ಮ 19ರಲ್ಲಿ 12 ಈಗ ಪಕ್ಕದ ಮನೆ ಅಕ್ಕನ ಹತ್ತಿರ ಇವೆ. ಆಷಾಢ ಕಳೆದು ಶ್ರಾವಣದಲ್ಲಿ ಅವರು ಮನೆ ಬದಲಾಯಿಸುತ್ತಿದ್ದಾರೆ. 1ನೇ ನಂಬರಿನದನ್ನೂ ಕೊಟ್ಟಿದ್ದೇನೆ, ಏನೇನು ತುಂಬಬೇಕು ಅಂತ ಚೀಟಿ ಬರೆದು ಒಳಗೆ ಅಂಟಿಸಿಯೇ.