ಬೆಂಚಿನ ಕೊನೆಯ ಆಟಗಾರನ ತನಕ: ರೋಸ್ಟರ್‌ರಿಸೋರ್ಸ್ ಬಳಸಿದ ಅನುಭವ

ಕಲಬುರಗಿಯಲ್ಲಿ ಬೇಸ್‌ಬಾಲ್ ನೋಡುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ನಾನೂ ಒಬ್ಬ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತೇನೆ. ಫೆಬ್ರವರಿ ಮುಗಿಯುತ್ತಾ ಬಂದು ಇಲ್ಲಿ ಬಿಸಿಲು ಏರತೊಡಗಿದರೆ ಅಮೆರಿಕದಲ್ಲಿ ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್ ಮುಂಚಿನ ತಯಾರಿ, ನಡೆಯುತ್ತಿರುತ್ತದೆ. ಆಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಈ ಸಲ ಯಾವ ಟೀಮ್ 162 ಪಂದ್ಯ ತಾಳಿಕೊಳ್ಳುತ್ತದೆ?

ಅದಕ್ಕೆ ಉತ್ತರ ಹುಡುಕಲು ನಾನು ಹೋಗುವುದು ಫ್ಯಾನ್‌ಗ್ರಾಫ್ಸ್ ವೆಬ್‌ಸೈಟಿನ ರೋಸ್ಟರ್‌ರಿಸೋರ್ಸ್ ವಿಭಾಗಕ್ಕೆ. ಇದನ್ನು ಕಟ್ಟಿದವರು ಜೇಸನ್ ಮಾರ್ಟಿನೆಜ್. ಮೊದಲು ಬೇರೆಯಾಗಿದ್ದ ಇದು ಆಮೇಲೆ ಫ್ಯಾನ್‌ಗ್ರಾಫ್ಸ್ ಜೊತೆ ಸೇರಿತು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಮೂವತ್ತು ಟೀಮ್‌ಗೂ ಒಂದೊಂದು ಪುಟ. ಟೀಮಿನ ಆಳ, ಅಂದರೆ ಮುಖ್ಯ ಆಟಗಾರರ ಹಿಂದೆ ಎಷ್ಟು ಜನ ಸಿದ್ಧ ಇದ್ದಾರೆ ಅನ್ನುವುದನ್ನು, ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಪುಟ ತೆರೆದರೆ ಮೇಲ್ಗಡೆ ಬ್ಯಾಟಿಂಗ್ ಸಾಲು, ಬೆಂಚು, ಐದು ಸ್ಟಾರ್ಟಿಂಗ್ ಪಿಚರ್‌ಗಳು (ಸರದಿಯಂತೆ ಪಂದ್ಯದ ಶುರುವಿನಿಂದ ಚೆಂಡೆಸೆಯುವವರು), ಬುಲ್‌ಪೆನ್ (ಅವರ ನಂತರ ಇಳಿಯುವ ರಿಲೀಫ್ ಪಿಚರ್‌ಗಳ ಗುಂಪು). ಇಷ್ಟನ್ನು ಯಾವ ಪತ್ರಿಕೆಯೂ ಕೊಡುತ್ತದೆ. ನಿಜವಾದ ಬೆಲೆ ಇರುವುದು ಕೆಳಗೆ. ಗಾಯಗೊಂಡವರ ಪಟ್ಟಿ ಬರುತ್ತದೆ. ಅದರ ಕೆಳಗೆ ಟ್ರಿಪಲ್ ಎ, ಡಬಲ್ ಎ ಅನ್ನುವ ಕೆಳಗಿನ ದರ್ಜೆಗಳಲ್ಲಿ ಕಾಯುತ್ತಿರುವ ಹುಡುಗರು ಬರುತ್ತಾರೆ. ಹೆಸರಿನ ಪಕ್ಕದಲ್ಲೇ ವಯಸ್ಸು, ಯಾವ ಕೈ, ದೊಡ್ಡ ಲೀಗ್‌ನಲ್ಲಿ ಎಷ್ಟು ಕಾಲ ಇದ್ದಾನೆ, ಟೀಮಿಗೆ ಹೇಗೆ ಬಂದ ಅನ್ನುವ ವಿವರ. ಜೊತೆಗೆ ಅವನಿಗೆ ಎಷ್ಟು ಆಪ್ಷನ್ ಉಳಿದಿದೆ ಅನ್ನುವ ಒಂದು ಪುಟ್ಟ ಅಂಕಿ.

ಈ ಆಪ್ಷನ್ ಅಂಕಿಗೋಸ್ಕರವೇ ನಾನು ಈ ಪುಟವನ್ನು ಇಷ್ಟಪಡುತ್ತೇನೆ. ಸ್ವಲ್ಪ ಬಿಡಿಸಿ ಹೇಳಬೇಕು. ಮೇಜರ್ ಲೀಗ್ ಟೀಮಿನಲ್ಲಿ ಒಂದು ಹೊತ್ತಿಗೆ ಆಡಲು ಸಿಗುವವರು 26 ಜನ. ಅದರಲ್ಲಿ ಪಿಚರ್‌ಗಳು 13ಕ್ಕಿಂತ ಜಾಸ್ತಿ ಇರುವಂತಿಲ್ಲ. ಇದರ ಹೊರಗೆ ಇನ್ನೊಂದು ದೊಡ್ಡ ಪಟ್ಟಿ, 40 ಜನರದ್ದು. 40ರಲ್ಲಿ ಇದ್ದು 26ರಲ್ಲಿ ಇಲ್ಲದ ಆರೋಗ್ಯವಂತ ಆಟಗಾರ ಸಾಮಾನ್ಯವಾಗಿ ಕೆಳಗಿನ ದರ್ಜೆಯಲ್ಲಿ ಆಡುತ್ತಿರುತ್ತಾನೆ. ಅವನನ್ನು ಹಾಗೆ ಕೆಳಗೆ ಕಳಿಸಲು ಟೀಮಿಗೆ ಮೂರು ವರ್ಷದ ಅವಕಾಶ ಇರುತ್ತದೆ. ಅದೇ ಆಪ್ಷನ್. 2022ರಿಂದ ಒಂದೇ ಸೀಸನ್‌ನಲ್ಲಿ ಒಬ್ಬನನ್ನು ಐದು ಸಲಕ್ಕಿಂತ ಜಾಸ್ತಿ ಕೆಳಗೆ ಕಳಿಸುವಂತಿಲ್ಲ. ಆಪ್ಷನ್ ಮುಗಿದವನನ್ನು ಕಳಿಸಬೇಕೆಂದರೆ ಮೊದಲು ವೇವರ್ಸ್‌ಗೆ ಹಾಕಬೇಕು, ಅಂದರೆ ಉಳಿದ ಟೀಮ್‌ಗಳ ಮುಂದೆ ಇಡಬೇಕು. ಆಗ ಬೇರೆ ಟೀಮ್ ಅವನನ್ನು ಎತ್ತಿಕೊಂಡು ಹೋಗಬಹುದು.

ಇದರಿಂದ ಆಗುವುದೇನು? ಎರಡು ಟೀಮ್ ತೆಗೆದುಕೊಳ್ಳಿ. ಇಬ್ಬರ ಹತ್ತಿರವೂ ಎಂಟೆಂಟು ಒಳ್ಳೆ ರಿಲೀಫ್ ಪಿಚರ್‌ಗಳಿದ್ದಾರೆ. ಮೊದಲನೆಯದರಲ್ಲಿ ನಾಲ್ಕು ಜನಕ್ಕೆ ಆಪ್ಷನ್ ಉಳಿದಿದೆ, ಎರಡನೆಯದರಲ್ಲಿ ಒಬ್ಬನಿಗೂ ಇಲ್ಲ. ಒಂದು ದಿನ ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಪಂದ್ಯ ಹದಿಮೂರು ಇನಿಂಗ್ಸ್ ಎಳೆದು, ಎಲ್ಲರ ತೋಳೂ ಸುಸ್ತಾಯಿತು ಅನ್ನಿ. ಮೊದಲ ಟೀಮ್ ಮರುದಿನ ಬೆಳಗ್ಗೆ ಒಬ್ಬನನ್ನು ಕೆಳಗೆ ಕಳಿಸಿ ತಾಜಾ ತೋಳು ತರಿಸಿಕೊಳ್ಳುತ್ತದೆ. ಎರಡನೆಯದು ಅದೇ ದಣಿದ ತೋಳುಗಳಲ್ಲೇ ಆಡಬೇಕು, ಇಲ್ಲವೇ ಒಬ್ಬನನ್ನು ಕಳೆದುಕೊಳ್ಳಬೇಕು. ಬರೀ ಹೆಸರುಗಳನ್ನು ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಇಲ್ಲಿ ಒಂದು ಕಾಲಂನಲ್ಲಿ ಕಂಡುಬಿಡುತ್ತದೆ.

ನಮ್ಮ ಕಡೆ ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಇಟ್ಟಿರುತ್ತಾರಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೂ ಒಲೆ ಹಚ್ಚುವ ಗಡಿಬಿಡಿ ಇರುವುದಿಲ್ಲ. ಟೀಮಿನ ಆಳ ಅಂದರೆ ಹಾಗೆ ಕೂಡಿಟ್ಟದ್ದು.

ನಾನು ಪುಟವನ್ನು ಮೇಲಿನಿಂದ ಓದುವುದಿಲ್ಲ. ಮೊದಲು ನೋಡುವುದು ಆರನೇ, ಏಳನೇ, ಎಂಟನೇ ಸ್ಟಾರ್ಟರ್ ಯಾರು ಅಂತ. 162 ಪಂದ್ಯವನ್ನು ಐದು ಜನಕ್ಕೆ ಹಂಚಿದರೆ ತಲೆಗೆ 32 ಚಿಲ್ಲರೆ ಬರುತ್ತದೆ. ಐವರೂ ಅಷ್ಟೂ ಆಡಿ ಮುಗಿಸುವುದು ತೀರಾ ಅಪರೂಪ. ಮೊಣಕೈ ಕೊಡುತ್ತದೆ, ಭುಜ ಕೊಡುತ್ತದೆ. ಮೊಣಕೈ ಅಸ್ಥಿರಜ್ಜು ಸರಿಪಡಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದರೆ ಒಂದು ವರ್ಷಕ್ಕೂ ಜಾಸ್ತಿ ಮೈದಾನದಿಂದ ಹೊರಗೆ. ಹಾಗಾಗಿ ಆರನೆಯವನು ಬರೀ ಮೀಸಲು ಆಟಗಾರ ಅಲ್ಲ. ಅವನು ಆಡಿಯೇ ಆಡುತ್ತಾನೆ. ಎಂಟನೆಯವನು ಇಪ್ಪತ್ತೆರಡರ ಹುಡುಗನೋ, ಮೂವತ್ತೈದರ ಹಳಬನೋ ಅನ್ನುವುದೂ ಮುಖ್ಯ.

ಆಮೇಲೆ ಎರಡನೇ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವವನು). ಆಮೇಲೆ ಎರಡನೇ, ಮೂರನೇ ಬೇಸ್ ನಡುವಿನ ಶಾರ್ಟ್‌ಸ್ಟಾಪ್ ಜಾಗ ತುಂಬಬಲ್ಲ ಬೆಂಚಿನ ಆಟಗಾರ. ಔಟ್‌ಫೀಲ್ಡ್ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ಲಿಗೆ ಆಳು ಸಿಗುತ್ತಾರೆ.

ಲಾಸ್ ಏಂಜಲಿಸ್ ಡಾಡ್ಜರ್ಸ್ ಅಂದರೆ ದುಡ್ಡಿನ ಟೀಮ್ ಅಂತ ಎಲ್ಲರೂ ಹೇಳುತ್ತಾರೆ. ದುಡ್ಡು ಇದೆ, ಹೌದು. ಆದರೆ 2024ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ಅವರ ಪಿಚರ್‌ಗಳಲ್ಲಿ ಗ್ಲಾಸ್ನೋ ಮೊಣಕೈ ನೋವಿನಿಂದ ಹೊರಗೆ. ಗ್ಯಾವಿನ್ ಸ್ಟೋನ್ ಭುಜ ಹೋಗಿತ್ತು. ಕರ್ಶಾ ಕಾಲು ಬೆರಳಿನ ತೊಂದರೆಯಿಂದ ಕೂತಿದ್ದ. ಒಹ್ತಾನಿ ಮೊಣಕೈ ಆಪರೇಷನ್ ಆಗಿ ಆ ವರ್ಷ ಚೆಂಡೇ ಎಸೆಯಲಿಲ್ಲ, ಬರೀ ಬ್ಯಾಟ್ ಹಿಡಿದ. ಉಳಿದ ಸ್ಟಾರ್ಟರ್‌ಗಳು ಮೂರೇ ಜನ: ಯಾಮಾಮೊಟೊ, ಫ್ಲಾಹರ್ಟಿ, ಬ್ಯೂಲರ್. ಪ್ಲೇಆಫ್‌ನಲ್ಲಿ ಪ್ಯಾಡ್ರೆಸ್ ಎದುರಿನ ಸರಣಿಯಲ್ಲಿ ಸೋತರೆ ಮನೆಗೆ ಅನ್ನುವ ನಾಲ್ಕನೇ ಪಂದ್ಯಕ್ಕೆ ಸ್ಟಾರ್ಟರ್ ಇರಲಿಲ್ಲ. ಬುಲ್‌ಪೆನ್‌ನಿಂದ ಒಬ್ಬರ ಹಿಂದೆ ಒಬ್ಬರಂತೆ ಎಂಟು ಪಿಚರ್‌ಗಳನ್ನು ಇಳಿಸಿದರು. ಎದುರಾಳಿಗೆ ಒಂದು ರನ್ ಕೂಡ ಸಿಗಲಿಲ್ಲ, 8-0. ಆ ವರ್ಷ ಯಾಂಕೀಸ್ ಅನ್ನು ಸೋಲಿಸಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ಸರಣಿ, ಗೆದ್ದದ್ದು ಈ ಬಲದ ಮೇಲೆ.

2025ರದ್ದು ಇನ್ನೂ ದೊಡ್ಡ ಉದಾಹರಣೆ. ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್‌ಗೆ ಬ್ಲೂ ಜೇಸ್ ಎದುರಿನ ಮೂರನೇ ಪಂದ್ಯ 18 ಇನಿಂಗ್ಸ್ ನಡೆಯಿತು. ನಮ್ಮಲ್ಲಿ ಬೆಳಗ್ಗೆ ಐದೂವರೆ ದಾಟಿ ಶುರುವಾದದ್ದು ಮುಗಿದಾಗ ಮಧ್ಯಾಹ್ನ ಆಗಿತ್ತು. ಬುಲ್‌ಪೆನ್ ಪೂರ್ತಿ ಖಾಲಿ. ಉಳಿದಿದ್ದವನು ವಿಲ್ ಕ್ಲೈನ್. ವರ್ಷದ ಬಹುಪಾಲು ಕೆಳಗಿನ ದರ್ಜೆಯಲ್ಲೇ ಕಳೆದವನು. ಸೀಸನ್ ನಡುವೆ ಸಿಯಾಟಲ್‌ನಿಂದ ಬಂದಾಗ ಯಾರೂ ತಲೆ ಎತ್ತಿ ನೋಡಿರಲಿಲ್ಲ. ಆ ಹುಡುಗ ನಾಲ್ಕು ಇನಿಂಗ್ಸ್ ಹಾಕಿದ, 72 ಎಸೆತ, ಒಂದೂ ರನ್ ಬಿಡಲಿಲ್ಲ. ಕೊನೆಗೆ ಫ್ರೀಮನ್ ಹೋಮ್ ರನ್ ಹೊಡೆದು 6-5ಕ್ಕೆ ಪಂದ್ಯ ಮುಗಿಸಿದ. ಎಲ್ಲ ಕಡೆ ಫ್ರೀಮನ್ ಫೋಟೊ ಬಂತು. ಕ್ಲೈನ್ ಇಲ್ಲದಿದ್ದರೆ ಆ ಹೊಡೆತಕ್ಕೆ ಅವಕಾಶವೇ ಇರುತ್ತಿರಲಿಲ್ಲ, ಅಲ್ವಾ? ಏಳು ಪಂದ್ಯದ ಆ ಸರಣಿಯನ್ನು ಡಾಡ್ಜರ್ಸ್ 4-3ರಿಂದ ಗೆದ್ದರು. ಕ್ಲೈನ್‌ನಂಥವರ ಹೆಸರು ಮೊದಲೇ ಕಣ್ಣಿಗೆ ಬೀಳುವುದು ಇಂಥ ಪುಟದ ಕೆಳಭಾಗದಲ್ಲಿ.

ಇನ್ನೊಂದು ಕಾರಣಕ್ಕೂ ಮಾರ್ಚ್‌ನಲ್ಲೇ ಇದನ್ನು ನೋಡಿಡುವುದು ಒಳ್ಳೆಯದು. ಟೀಮ್‌ಗಳ ನಡುವೆ ಆಟಗಾರರ ವಿನಿಮಯಕ್ಕೆ ಜುಲೈ ಕೊನೆ ಇಲ್ಲವೇ ಆಗಸ್ಟ್ ಮೊದಲ ದಿನಗಳ ಹೊತ್ತಿಗೆ ಗಡುವು ಮುಗಿಯುತ್ತದೆ. ಆಮೇಲೆ ಯಾರಿಗಾದರೂ ಪೆಟ್ಟಾದರೆ ಹೆಚ್ಚಾಗಿ ಮನೆಯಲ್ಲಿ ಇರುವವರಲ್ಲೇ ಹುಡುಕಬೇಕು. ಸೆಪ್ಟೆಂಬರ್ ಒಂದರಿಂದ 26ರ ಪಟ್ಟಿ 28 ಆಗುತ್ತದೆ, ಅಷ್ಟೇ ಸಮಾಧಾನ.

ಪುಟದ ಮಿತಿಗಳೂ ಇವೆ. ಫೋನಿನ ಸಣ್ಣ ಪರದೆಗೆ ಈ ಅಗಲದ ಕೋಷ್ಟಕ ಹೊಂದುವುದಿಲ್ಲ. ಲ್ಯಾಪ್‌ಟಾಪ್ ಇದ್ದರೆ ಚೆನ್ನ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಎರಡು ಮೂರು ಅಕ್ಷರದ ಸಂಕೇತಗಳಲ್ಲಿ ಇರುತ್ತದೆ. ಹೊಸಬರಿಗೆ ಮೊದಲ ವಾರ ಕಷ್ಟ. ಮತ್ತೆ, ಸೀಸನ್ ಮುಂಚೆ ಇಲ್ಲಿ ಕಾಣುವ ಸಾಲು ಒಂದು ಅಂದಾಜು ಮಾತ್ರ. ಕೋಚ್ ಮನಸ್ಸಿನಲ್ಲಿ ಏನಿದೆ ಅಂತ ಯಾವ ಕೋಷ್ಟಕವೂ ಹೇಳುವುದಿಲ್ಲ. ಒತ್ತಡದಲ್ಲಿ ಯಾರ ಕೈ ನಡುಗುತ್ತದೆ ಅನ್ನುವುದನ್ನು ಆಟ ನೋಡಿಯೇ ತಿಳಿಯಬೇಕು. ಸದಸ್ಯತ್ವ ಕೊಂಡರೆ ಜಾಹೀರಾತು ಇಲ್ಲದೆ ಓದಬಹುದು. ದಿನಾ ನೋಡುವವರಾದರೆ ಕೊಳ್ಳಿ. ಇಷ್ಟು ಶ್ರಮದ ಕೆಲಸಕ್ಕೆ ದುಡ್ಡು ಸೇರಬೇಕು.

ನನ್ನ ಮಟ್ಟಿಗೆ ಇದರ ದೊಡ್ಡ ಉಪಕಾರ ಬೇರೆಯೇ. ಇದನ್ನು ನೋಡಿ ನಮ್ಮ ಶಾಲೆಯ ಸಾಫ್ಟ್‌ಬಾಲ್ ಟೀಮಿಗೂ ಒಂದು ಚಾರ್ಟ್ ಬರೆದೆ. ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್, ಅಷ್ಟೇ. ಒಂಬತ್ತು ಜಾಗ, ಪ್ರತಿ ಜಾಗಕ್ಕೂ ಮೂರು ಮನೆ. ತುಂಬುತ್ತಾ ಹೋದಾಗ ನಿಜ ಸ್ಥಿತಿ ಎದುರಿಗೆ ಬಂತು. ಎರಡನೇ ಬೇಸ್‌ಗೆ ಮೂರು ಜನ, ಲೆಫ್ಟ್ ಫೀಲ್ಡ್‌ಗೆ ನಾಲ್ಕು ಜನ. ಪಿಚರ್ ಒಬ್ಬಳೇ, ಅವಳು ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಹೋಗುತ್ತಾಳೆ. ಕ್ಯಾಚರ್‌ದೂ ಅದೇ ಕಥೆ. ನಮಗೆ ವಿನಿಮಯ ಇಲ್ಲ, ಕೆಳಗಿನ ದರ್ಜೆ ಅಂದರೆ ಏಳನೇ, ಎಂಟನೇ ಕ್ಲಾಸಿನ ಮಕ್ಕಳೇ. ಹಾಗಾಗಿ ಈಗ ಬೆಳಗ್ಗೆ ಬಿಸಿಲೇರುವ ಮುಂಚೆ ಎಂಟನೇ ಕ್ಲಾಸಿನ ಇಬ್ಬರಿಗೆ ವಿಂಡ್‌ಮಿಲ್ ಎಸೆತ (ತೋಳು ಪೂರ್ತಿ ಸುತ್ತಿಸಿ ಕೆಳಗಿನಿಂದ ಎಸೆಯುವುದು) ಕಲಿಸುತ್ತಿದ್ದೇನೆ. ಒಬ್ಬಳ ಮಣಿಕಟ್ಟು ಬಹಳ ಚುರುಕು. ಎರಡನೇ ಬೇಸ್‌ನ ಮೂವರಲ್ಲಿ ಗಟ್ಟಿ ಕಾಲಿನ ಹುಡುಗಿಗೆ ಕ್ಯಾಚರ್ ಮಾಸ್ಕ್ ಹಾಕಿಸಿದ್ದೇನೆ, ಅವಳಿಗೂ ಇಷ್ಟವಾಗಿದೆ. ಊರಿನ ಬೇರೆ ಶಾಲೆಗಳ ಪಿ.ಟಿ. ಮೇಷ್ಟ್ರುಗಳಿಗೂ ಇದೇ ಹೇಳುತ್ತೇನೆ. ಖೋಖೋ, ಕಬಡ್ಡಿ ಯಾವುದೇ ಇರಲಿ, ಒಂದು ಸಲ ಹೀಗೆ ಬರೆದು ನೋಡಿ.

ಬೇಸ್‌ಬಾಲ್‌ಗೆ ಹೊಸಬರಾದರೆ ಮೂವತ್ತೂ ಪುಟ ತೆರೆಯಬೇಡಿ, ಗೊಂದಲವಾಗುತ್ತದೆ. ಒಂದೇ ಟೀಮ್ ಹಿಡಿಯಿರಿ. ಮಾರ್ಚ್ ಮೂರನೇ ವಾರದ ಪುಟವನ್ನು ಪ್ರಿಂಟ್ ತೆಗೆದಿಡಿ. ಜೂನ್ ಕೊನೆಯಲ್ಲಿ ಮತ್ತೆ ತೆರೆದು, ಮೊದಲ ಐದು ಸ್ಟಾರ್ಟರ್‌ಗಳಲ್ಲಿ ಎಷ್ಟು ಜನ ಇನ್ನೂ ಆಡುತ್ತಿದ್ದಾರೆ ಅಂತ ಪಕ್ಕದಲ್ಲೇ ಟಿಕ್ ಹಾಕುತ್ತಾ ಹೋಗಿ.